ಸಾಬವ್ವನ ಹೆಸರಿನ ರಕ್ತ

ಭೋಸರಿ, ಪುಣೆ
೧೪ ಜುಲೈ ೨೦೦೩

ಇಂದೂ,

ಒಂದೇ ಊರಲ್ಲಿ ಇದ್ದುಕೊಂಡು ಪತ್ರ ಬರೆಯುವ ಚಾಳಿ ಇವಳಿಗೆ ಯಾವಾಗ ಹತ್ತಿತು ಎಂದು ಹುಬ್ಬು ಏರಿಸಬೇಡ. ನಮ್ಮ ಮನೆಯ ಫೋನು ಪಡಸಾಲೆಯಲ್ಲಿ ಟಿವಿಯ ಪಕ್ಕಕ್ಕಿದೆ. ನಾನು ರಿಸೀವರ್ ಎತ್ತಿದರೆ ಸಾಕು, ಸೊಸೆ ರೇಣು ಟಿವಿಯ ದನಿ ತಗ್ಗಿಸುತ್ತಾಳೆ, ಮಗ ಮಾಂತು ಪೇಪರ್ ಮಡಚಿ ಕೂರುತ್ತಾನೆ. ಅದೂ ಅಲ್ಲದೆ ನಾನು ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡಿದವಳು. ಅಲ್ಲಿ ಬಾಯಿಮಾತಿಗೆ ಬೆಲೆ ಇರಲಿಲ್ಲ, ಬರೆದು ಸಹಿ ಹಾಕಿದ್ದಕ್ಕೆ ಮಾತ್ರ ಇತ್ತು.

ವಿಷಯಕ್ಕೆ ಬರುತ್ತೇನೆ. ಫೆಬ್ರುವರಿಯಲ್ಲಿ ನನ್ನ ಲಿವರಿನ ಕ್ಯಾನ್ಸರ್ ಗಡ್ಡೆ ತೆಗೆದರು. ಅದಕ್ಕೆ ಮುಂಚೆ ನಿನ್ನ ಲ್ಯಾಬಿನಲ್ಲಿ ರಕ್ತ ನೋಡಿದಾಗ ಎಎಫ್‌ಪಿ ಅನ್ನುವ ಆ ಅಂಕಿ ೧,೮೪೦ ಇತ್ತು. ಹತ್ತರ ಒಳಗೆ ಇರಬೇಕು ಎಂದವಳು ನೀನೇ. ಆಪರೇಷನ್ ಆದ ಮೇಲೆ ಏಪ್ರಿಲಿನಲ್ಲಿ ೯.೩ ಬಂತು. ಅವತ್ತು ನೀನು ನನ್ನ ಬಾಯಿಗೆ ಪೇಢೆ ತುರುಕಿದ್ದೆ, ಮರೆತಿಲ್ಲ. ಆಮೇಲೆ ಮೇ ತಿಂಗಳಲ್ಲಿ ೮.೦. ಜೂನಿನಲ್ಲಿ ೭.೦. ಮೊನ್ನೆ ೬.೦.

ಮನೆಯಲ್ಲಿ ಎಲ್ಲರಿಗೂ ಖುಷಿ, ನನ್ನೊಬ್ಬಳನ್ನು ಬಿಟ್ಟು. ಈ ಅಂಕಿಗಳನ್ನು ಗ್ರಾಫ್ ಕಾಗದದ ಮೇಲೆ ಚುಕ್ಕೆ ಇಟ್ಟು ನೋಡಿದೆ. ಕೊನೆಯ ಮೂರೂ ಪಟ್ಟಿ ಇಟ್ಟು ಎಳೆದ ಹಾಗೆ ಸೀದಾ ಬಂದವು. ಒಬ್ಬನೇ ಮನುಷ್ಯ ಒಂದೇ ಲೇಥ್ ಮಷೀನಿನ ಮೇಲೆ ಒಂದೇ ಪಾಳಿಯಲ್ಲಿ ಮಾಡಿದ ಪಿನ್ನುಗಳನ್ನು ಅಳೆದರೂ ಹೀಗೆ ಬರುವುದಿಲ್ಲ ಇಂದೂ. ಒಂದು ಕೂದಲೆಳೆ ಅತ್ತ ಹೋದರೆ ಇನ್ನೊಂದು ಇತ್ತ ಬರುತ್ತದೆ. ನಮ್ಮ ಸೂಪರ್‌ವೈಜರ್ ಶಂಕ್ರೆಪ್ಪ ಇಂಥ ಅಂಕಿ ಕಂಡರೆ ಮಾಲನ್ನು ನೋಡುತ್ತಲೇ ಇರಲಿಲ್ಲ, ಬರೆದವಳನ್ನು ಕರೆಸುತ್ತಿದ್ದ. "ಅಳತಿ ಮಾಡೀಯೋ, ಕುಂತಲ್ಲೇ ಬರದೀಯೋ?" ಎಂದು ಕೇಳುತ್ತಿದ್ದ.

ಇನ್ನೊಂದು ಮಾತು. ಮಾಂತು ಎರಡು ತಿಂಗಳಿಂದ ನನ್ನ ಜತೆ ಜಗಳ ಆಡಿಲ್ಲ. ವಿಮಾನ ನಗರದ ಆಫೀಸಿನಿಂದ ಬಂದವನೇ ಬೂಟು ಬಿಚ್ಚದೆ "ಅವ್ವಾ, ಏನರೆ ತಿಂತೀ?" ಎನ್ನುತ್ತಾನೆ. ಮಾತು ಕಲಿತಾಗಿನಿಂದ ನನಗೆ ಎದುರು ವಾದಿಸಿದ ಮಗ ಇವನು. ಸಾಂಬಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣುತ್ತಾನೆ. ನನಗೆ ಅಂಕಿಗಿಂತ ಇದರದ್ದೇ ಹೆಚ್ಚು ಹೆದರಿಕೆ.

ನಿನ್ನ ಮಷೀನು ಏಪ್ರಿಲಿನ ನಂತರ ದಶಾಂಶ ಮರೆತಿದೆಯೇ? ಇಷ್ಟೇ ನನ್ನ ಪ್ರಶ್ನೆ.

ಕೆಳಗಿನ ನೀಲಿ ಮುದ್ರೆ ನೋಡಿ ನಗಬೇಡ. ತಪಾಸಣೆಯ ಪ್ರತಿಯೊಬ್ಬರಿಗೂ ಕಾರ್ಖಾನೆಯಲ್ಲಿ ಒಂದೊಂದು ನಂಬರಿನ ಮುದ್ರೆ ಇತ್ತು. ತಪ್ಪು ಮಾಲು ಹೊರಗೆ ಹೋದರೆ ಮುದ್ರೆ ನೋಡಿ ಆಸಾಮಿಯನ್ನು ಹಿಡಿಯುತ್ತಿದ್ದರು. ಕೆಲಸ ಬಿಟ್ಟಾಗ ಹಿಂದಕ್ಕೆ ಕೊಡಬೇಕಿತ್ತು, ನಾನು ಕೊಡಲಿಲ್ಲ. ಹದಿನೇಳು ನಂಬರಿನಿಂದ ಒಂದೂ ತಪ್ಪು ಮಾಲು ಹೋಗಿಲ್ಲ ಅನ್ನುವ ಸೊಕ್ಕು ನನಗೆ ಇನ್ನೂ ಇದೆ.

ನಿನ್ನ
ರುದ್ರವ್ವ
ತಪಾಸಣೆ ೧೭


ಸದಾಶಿವ ಪೇಠ
೨೧ ಜುಲೈ ೨೦೦೩

ಪ್ರೀತಿಯ ರುದ್ರೀ,

ನಿನ್ನ ಪತ್ರ ಓದಿ ನಕ್ಕೆ. ಧಾರವಾಡದ ಶಾಲೆಯಲ್ಲಿ ಗಣಿತದ ಮಾಸ್ತರರು ಬೋರ್ಡಿನ ಮೇಲೆ ತಪ್ಪು ಮಾಡಿದರೆ ಎದ್ದು ನಿಲ್ಲುತ್ತಿದ್ದವಳು ನೀನು, ನಿನ್ನ ಲಂಗ ಜಗ್ಗಿ ಕೂರಿಸುತ್ತಿದ್ದವಳು ನಾನು. ನಲವತ್ತು ವರ್ಷ ಕಳೆದರೂ ನಿನ್ನದು ಅದೇ ಗುಣ.

ಸರಿಯಾಗಿ ತಿಳಿದುಕೋ. ತಾಯಿಯ ಹೊಟ್ಟೆಯೊಳಗಿನ ಕೂಸಿನ ಲಿವರು ಒಂದು ಪ್ರೋಟೀನು ತಯಾರಿಸುತ್ತದೆ. ಅದೇ ಎಎಫ್‌ಪಿ. ಕೂಸು ಹುಟ್ಟಿದ ಮೇಲೆ ಲಿವರು ಆ ಕೆಲಸ ನಿಲ್ಲಿಸಿಬಿಡುತ್ತದೆ. ನಿನ್ನಂಥವರ ಗಡ್ಡೆ ಅದನ್ನು ಮತ್ತೆ ಶುರು ಮಾಡುತ್ತದೆ. ಗಡ್ಡೆ ಪೂರ್ತಿ ತೆಗೆದರೆ ಐದಾರು ದಿನಕ್ಕೊಮ್ಮೆ ಅಂಕಿ ಅರ್ಧಕ್ಕೆ ಇಳಿಯುತ್ತ ಬಂದು ಹತ್ತರ ಕೆಳಗೆ ನಿಲ್ಲುತ್ತದೆ. ನಿಂತದ್ದು ಮತ್ತೆ ಏರಿದರೆ ಒಳಗೆ ಎಲ್ಲೋ ಏನೋ ಬೆಳೆಯುತ್ತಿದೆ ಎಂದು ಸಂಶಯ ಪಡಬೇಕು. ಎಷ್ಟೋ ಸಲ ಸ್ಕ್ಯಾನಿನಲ್ಲಿ ಕಾಣುವ ಮುಂಚೆಯೇ ರಕ್ತದಲ್ಲಿ ಕಾಣುತ್ತದೆ. ನಿನ್ನದು ನಿಂತಿದೆ.

ದಶಾಂಶದ ವಿಷಯ ಏನೂ ಇಲ್ಲ. ಮೇ ತಿಂಗಳಲ್ಲಿ ಹೊಸ ಪ್ರಿಂಟರ್ ತಂದೆವು, ಅದು ಅಂಕಿಗಳನ್ನು ಹಾಗೆ ಪೂರ್ಣ ಮಾಡಿ ಅಚ್ಚು ಹಾಕುತ್ತದೆ. ಮಾಂತುವಿನಂಥ ಮಗ ಎಲ್ಲರಿಗೂ ಸಿಗುವುದಿಲ್ಲ. ಪ್ರೀತಿ ಮಾಡಿದರೂ ಸಂಶಯ ಪಡುತ್ತೀಯಲ್ಲ. ಬೆಳಿಗ್ಗೆ ಸ್ವಲ್ಪ ಅಡ್ಡಾಡು, ಎಣ್ಣೆ ಪದಾರ್ಥ ಕಡಿಮೆ ಮಾಡು, ಗ್ರಾಫ್ ಕಾಗದ ಮೊಮ್ಮಗನಿಗೆ ಕೊಟ್ಟುಬಿಡು.

ನಿನ್ನ ಪ್ರೀತಿಯ
ಇಂದೂ


ಭೋಸರಿ
೨ ಆಗಸ್ಟ್ ೨೦೦೩

ಇಂದೂ,

ಪ್ರಿಂಟರಿನ ಸಂಗತಿ ತಿಳಿಯಿತು. ಆಗಲಿ.

ಹನ್ನೊಂದನೇ ತಾರೀಖು ಬೆಳಿಗ್ಗೆ ಮಾಂತು ನನ್ನನ್ನು ನಿಮ್ಮಲ್ಲಿಗೆ ಕರೆತರುತ್ತಾನೆ, ರಕ್ತ ಕೊಡುತ್ತೇನೆ. ನಿನ್ನೆ ಎದುರಿನ ಗಲ್ಲಿಯಲ್ಲಿ ಕಾಯಿಪಲ್ಲೆ ಮಾರುವಾಕೆ ಮೆಲ್ಲಗೆ ಕೇಳಿದಳು: "ಯಕ್ಕಾ, ಲಿವರ್ ಹೋಗೂದು ಕುಡಿದವರದು ಅಂತಾರ. ನೀ ಯಾವಾಗ ಕುಡೀತಿದ್ದಿ?" ನಾನು ಸಿಟ್ಟಾಗಲಿಲ್ಲ. ಮಾಂತುವನ್ನು ಹಡೆಯುವಾಗ ನನಗೆ ಎರಡು ಬಾಟಲಿ ರಕ್ತ ಹಾಕಿದ್ದರು, ಕಾಮಾಲೆಯ ವಿಷ ಆಗಲೇ ಒಳಗೆ ಬಂದಿರಬೇಕು ಎಂದು ಡಾಕ್ಟರು ಹೇಳಿದ್ದನ್ನೇ ಹೇಳಿದೆ. ಆಕೆ ನಂಬಲಿಲ್ಲ. ಆದರೂ ಎರಡು ಸೌತೆಕಾಯಿ ಪುಕ್ಕಟೆ ಕೊಟ್ಟಳು.

ರುದ್ರವ್ವ
ತಪಾಸಣೆ ೧೭


ಸದಾಶಿವ ಪೇಠ
೧೩ ಆಗಸ್ಟ್ ೨೦೦೩

ಶ್ರೀಮತಿ ಸಾಬವ್ವ ಅವರಿಗೆ, ಭೋಸರಿ

ನಮಸ್ಕಾರ. ನನ್ನ ಪರಿಚಯ ನಿಮಗಿಲ್ಲ. ಹನ್ನೊಂದನೇ ತಾರೀಖು ಮಧ್ಯಾಹ್ನ ನಮ್ಮ ಚಿಂಚವಡದ ಕೌಂಟರಿನಲ್ಲಿ ನೀವು ಎಎಫ್‌ಪಿ ಪರೀಕ್ಷೆಗೆ ರಕ್ತ ಕೊಟ್ಟಿರಿ. ಆ ಲ್ಯಾಬಿನ ಡಾಕ್ಟರು ನಾನು. ಫಾರ್ಮಿನಲ್ಲಿ ಫೋನ್ ನಂಬರಾಗಲಿ ನಿಮ್ಮ ಡಾಕ್ಟರ ಹೆಸರಾಗಲಿ ಇಲ್ಲ. ನೀವು ಕನ್ನಡದವರು ಎಂದು ಕೌಂಟರಿನ ಹರ್ಷದಾ ಹೇಳಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ರಕ್ತದಲ್ಲಿ ಎಎಫ್‌ಪಿ ೨೧೨.೪ ಇದೆ. ಹತ್ತರ ಒಳಗಿರಬೇಕು. ಎರಡು ಸಲ ಮಾಡಿ ನೋಡಿದೆ, ಹೆಚ್ಚು ಕಡಿಮೆ ಅಷ್ಟೇ ಬಂತು. ಇದು ಲಿವರಿನಲ್ಲಿ ಗಡ್ಡೆ ಇರುವುದರ ಸೂಚನೆಯಾಗಿರಬಹುದು, ಇಲ್ಲದಿರಲೂಬಹುದು. ಆದರೆ ಒಂದು ದಿನವೂ ತಡ ಮಾಡಬೇಡಿ. ಈ ವಾರವೇ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿರಿ. ಗಡ್ಡೆ ಸಣ್ಣದಿರುವಾಗ ಮಾಡಬಹುದಾದದ್ದನ್ನು ದೊಡ್ಡದಾದ ಮೇಲೆ ಮಾಡಲಿಕ್ಕೆ ಆಗುವುದಿಲ್ಲ.

ನಿಮಗೆ ಓದಲು ಬಾರದಿದ್ದರೆ ಬೇರೆಯವರಿಂದ ಪೂರ್ತಿ ಓದಿಸಿ ಕೇಳಿರಿ. ಹೆದರುತ್ತೀರಿ ಎಂದು ಮನೆಯವರು ಮುಚ್ಚಿಡಲು ನೋಡಬಹುದು. ಬಿಡಬೇಡಿ. ದೇಹ ನಿಮ್ಮದು.

ಡಾ. ಇಂದೂ


ಭೋಸರಿ
೧೮ ಆಗಸ್ಟ್ ೨೦೦೩

ಡಾಕ್ಟರ್ ಇಂದೂ ಅವರಿಗೆ,

ಈ ಲಕೋಟೆಯಲ್ಲಿ ನಿಮ್ಮ ಲ್ಯಾಬಿನ ಎರಡು ರಿಪೋರ್ಟ್ ಇಟ್ಟಿದ್ದೇನೆ. ಒಂದು ರುದ್ರವ್ವನ ಹೆಸರಿನದು, ೫.೦. ಇನ್ನೊಂದು ಸಾಬವ್ವನ ಹೆಸರಿನದು, ೨೧೨.೪. ಎರಡೂ ರಕ್ತ ನನ್ನದೇ. ಬೆಳಿಗ್ಗೆ ಸದಾಶಿವ ಪೇಠದಲ್ಲಿ ಎಡಗೈ ಕೊಟ್ಟೆ. ಮಾಂತು ಆಫೀಸಿಗೆ ಹೋದ ಮೇಲೆ ಬಸ್ಸು ಹತ್ತಿ ಚಿಂಚವಡಕ್ಕೆ ಹೋಗಿ ಬಲಗೈ ಕೊಟ್ಟೆ. ಕಾಯಿಪಲ್ಲೆಯ ಸಾಬವ್ವನ ಹೆಸರು, ವಿಳಾಸ ಬರೆಸಿದೆ.

ಇದು ಶಂಕ್ರೆಪ್ಪನ ಯುಕ್ತಿ. ಯಾವಳಾದರೂ ಅಳೆಯದೆ ಬರೆಯುತ್ತಿದ್ದಾಳೆ ಎಂದು ಸಂಶಯ ಬಂದರೆ, ಆಕೆ ಒಮ್ಮೆ ಪಾಸ್ ಮಾಡಿದ ಪಿನ್ನನ್ನೇ ಬೇರೆ ಚೀಟಿ ಕಟ್ಟಿ ಮತ್ತೆ ಆಕೆಯ ಮುಂದೆ ಇಡುತ್ತಿದ್ದ. ನನ್ನ ಮುಂದೆಯೂ ಎಷ್ಟೋ ಸಲ ಇಟ್ಟ. ನಾನು ಒಮ್ಮೆಯೂ ಸಿಗಲಿಲ್ಲ. ನೀನು ಮೊದಲ ಸಲಕ್ಕೇ ಸಿಕ್ಕೆ.

ರಿಪೋರ್ಟನ್ನು ಕೌಂಟರಿನಲ್ಲಿ ತೆಗೆದುಕೊಂಡರೆ ಮುಗಿಯಿತು ಅಂದುಕೊಂಡಿದ್ದೆ. ನೀನು ಪತ್ರ ಬರೆಯುತ್ತೀಯ ಎಂದು ನನಗೇನು ಗೊತ್ತು. ಶನಿವಾರ ಸಾಬವ್ವ ಆ ಪತ್ರ ಹಿಡಿದುಕೊಂಡು ನಮ್ಮ ಮನೆಗೇ ಬಂದಳು. ಆಕೆಗೆ ಓದಲು ಬರುವುದಿಲ್ಲ, ನಮ್ಮ ಓಣಿಯಲ್ಲಿ ಕನ್ನಡ ಓದಿ ಹೇಳುವವಳು ನಾನೊಬ್ಬಳೇ. "ಯಕ್ಕಾ, ಏನೋ ಕಾಗದ ಬಂದದ ನೋಡು" ಎಂದಳು. ಗಟ್ಟಿಯಾಗಿ ಓದುತ್ತ ಹೋದವಳು ಅರ್ಧಕ್ಕೇ ನಿಲ್ಲಿಸಿದೆ. ಆಕೆ ಅಳಲಿಕ್ಕೆ ಶುರು ಮಾಡಿದಳು. "ನಾ ರಕ್ತಾನ ಕೊಟ್ಟಿಲ್ಲಲ್ಲ ಯಕ್ಕಾ, ನನಗ್ಯಾಕ ಬಂತು ಗಡ್ಡಿ?" ಎಂದಳು.

ಇಬ್ಬರು ಮಕ್ಕಳನ್ನು ಸಾಕುವ ಹೆಂಗಸು. ನನ್ನ ಸಾವಿನ ಸುದ್ದಿಯನ್ನು ಆಕೆಯ ತಲೆಗೆ ಕಟ್ಟಿ ನಾನು ನಿನ್ನ ತಪಾಸಣೆ ಮಾಡಿದೆ. ಅದು ನನ್ನ ತಪ್ಪು, ಆಕೆಯ ಕೈ ಹಿಡಿದು ಒಪ್ಪಿಕೊಂಡೆ. "ಸಾಬವ್ವಾ, ಹೆಸರು ನಿಂದು, ರಕ್ತ ನಂದು" ಎಂದೆ. ಆಕೆ ಕಣ್ಣು ಒರೆಸಿಕೊಂಡು ನನ್ನನ್ನು ಬೈದಳು, ಆಮೇಲೆ ನನ್ನ ಸಲುವಾಗಿ ಮತ್ತೆ ಅತ್ತಳು.

ಇಂದೂ, ಮುಖ ನೋಡದ ಸಾಬವ್ವನಿಗೆ ಎರಡೇ ದಿನದಲ್ಲಿ ನಿಜ ಬರೆದೆ. ಎರಡು ಸಲ ಪರೀಕ್ಷೆ ಮಾಡಿದೆ, ತಡ ಮಾಡಬೇಡ ಎಂದೆ, ಮನೆಯವರು ಮುಚ್ಚಿಟ್ಟರೆ ಬಿಡಬೇಡ ಎಂದೆ. ಒಂದೇ ಬೆಂಚಿನಲ್ಲಿ ಕೂತು ಒಂದೇ ಡಬ್ಬಿಯಲ್ಲಿ ಉಂಡ ನನಗೆ ಪ್ರಿಂಟರಿನ ಕಥೆ ಹೇಳಿದೆ. ದೇಹ ಸಾಬವ್ವನದಾದರೆ ಆಕೆಯದು. ನನ್ನದಾದರೆ ಯಾರದು? ಮಾಂತುವಿನದೇ, ನಿನ್ನದೇ?

ನಿಜವಾದ ಅಂಕಿಗಳು ನನಗೆ ಬೇಕು. ಮೇ, ಜೂನ್, ಜುಲೈ, ಮೂರೂ. ಮಾಂತುವನ್ನು ಇನ್ನೂ ಕೇಳಿಲ್ಲ. ಮೊದಲು ನೀನು ಹೇಳು, ಯಾಕೆಂದರೆ ಸಹಿ ನಿನ್ನದು.

ರುದ್ರವ್ವ

ಮುದ್ರೆ ಹಾಕಿಲ್ಲ. ಸಿಟ್ಟಿನಲ್ಲಿ ಬರೆದದ್ದಕ್ಕೆ ಮುದ್ರೆ ಹಾಕುವುದಿಲ್ಲ.


ಸದಾಶಿವ ಪೇಠ
೨೦ ಆಗಸ್ಟ್ ೨೦೦೩

ರುದ್ರವ್ವ,

ಮೇ ೧೪.೬. ಜೂನ್ ೩೯.೨. ಜುಲೈ ೧೦೩.೭. ಆಗಸ್ಟ್ ನಿನ್ನ ಹತ್ತಿರವೇ ಇದೆ. ಲ್ಯಾಬಿನ ಪ್ರತಿಗಳನ್ನು ಜತೆಗೆ ಇಟ್ಟಿದ್ದೇನೆ.

ಮೇ ತಿಂಗಳ ರಿಪೋರ್ಟ್ ತೆಗೆದುಕೊಳ್ಳಲು ಬಂದ ಮಾಂತು ಅಂಕಿ ನೋಡಿ ನನ್ನ ಬೆಂಚಿನ ಮೇಲೆ ಕುಸಿದು ಕೂತ. "ಮಾವಶಿ, ಅಪ್ಪಗ ರೋಗದ ಸುದ್ದಿ ಹೇಳಿದ ದಿನಾನ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದಾ. ಮೂರು ವಾರಕ್ಕ ಹೋದಾ. ಅವ್ವಗೂ ಹಂಗ ಆಗಬಾರದು" ಎಂದ. ನಿನಗೆ ಹಾಕಿದ ಆ ರಕ್ತ ತಾನು ಹುಟ್ಟುವಾಗಿನದು ಅನ್ನುವುದನ್ನು ಅವನು ಎದೆಯಲ್ಲಿ ಇಟ್ಟುಕೊಂಡು ಕೊರಗುತ್ತಿದ್ದಾನೆ. ನಿಜವಾದ ರಿಪೋರ್ಟನ್ನು ಸರ್ಜನ್ನರಿಗೆ ತೋರಿಸುತ್ತೇನೆ, ಅವ್ವನ ಕೈಗೆ ಬೇರೆ ಕೊಡಿ ಎಂದ. ನಾನು ಕೊಟ್ಟೆ. ಒಂದು ಸಲ ಕೊಟ್ಟ ಮೇಲೆ ಮುಂದಿನದಕ್ಕೆ ಇನ್ನೊಂದು ಬರೆಯಲೇಬೇಕಾಯಿತು.

ಸರ್ಜನ್ನರು ಜೂನಿನಲ್ಲೇ ಸ್ಕ್ಯಾನ್ ಮಾಡಿಸು ಎಂದಿದ್ದರಂತೆ. ಎಲ್ಲ ಸರಿಯಿದೆ ಎಂದು ನಂಬಿಸಿದವಳನ್ನು ಯಾವ ನೆಪ ಹೇಳಿ ಸ್ಕ್ಯಾನಿಗೆ ಕರೆದೊಯ್ಯಬೇಕು ಎಂದು ಗೊತ್ತಾಗದೆ ಮಾಂತು ದಿನ ತಳ್ಳಿದ. ಇದು ನನಗೆ ಗೊತ್ತಾದದ್ದು ನಿನ್ನೆ, ಅವನನ್ನು ಕೇಳಿದಾಗ. ಅವನನ್ನು ಬೈಯಬೇಡ. ದಾರಿ ಮಾಡಿಕೊಟ್ಟವಳು ನಾನು.

ನೀನು ಗೋಡೆಯ ಕಡೆ ಮುಖ ಮಾಡುವವಳಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನಿನ್ನ ಎದುರು ಆ ಅಂಕಿ ಹೇಳುವ ಧೈರ್ಯ ನನಗೇ ಇರಲಿಲ್ಲ. ಸಾಬವ್ವನಿಗೆ ಹೇಳುವಾಗ ನನಗೆ ಏನೂ ಕಳೆದುಕೊಳ್ಳುವುದಿರಲಿಲ್ಲ. ಕ್ಷಮಿಸು ಎಂದು ಬರೆಯುವುದಿಲ್ಲ, ಆ ಮಾತು ಬಹಳ ಅಗ್ಗ. ಈ ವಾರವೇ ಸ್ಕ್ಯಾನ್ ಮಾಡಿಸು.

ಇಂದೂ


ಭೋಸರಿ
೫ ಸೆಪ್ಟೆಂಬರ್ ೨೦೦೩

ಇಂದೂ,

ಸ್ಕ್ಯಾನ್ ಆಯಿತು. ಬಲಗಡೆ ಅಂಚಿನಲ್ಲಿ ಒಂದು ಗಡ್ಡೆ, ಎರಡೂವರೆ ಸೆಂಟಿಮೀಟರ್. ಹದಿನೈದನೇ ತಾರೀಖು ಮತ್ತೆ ಆಪರೇಷನ್.

ಸರ್ಜನ್ನರು ನನ್ನನ್ನು ಬಿಟ್ಟು ಮಾಂತುವಿನ ಮುಖ ನೋಡಿಕೊಂಡು ಮಾತಾಡುತ್ತಿದ್ದರು. ನಾನು ಎದ್ದು ನನ್ನ ಕುರ್ಚಿಯನ್ನು ಎಳೆದು ಅವರ ಮತ್ತು ಮಾಂತುವಿನ ನಡುವೆ ಇಟ್ಟು ಕೂತೆ. "ಸಾಹೇಬ, ಪೇಶಂಟ್ ಮೀ ಆಹೆ" ಎಂದೆ ಮರಾಠಿಯಲ್ಲಿ, ರೋಗಿ ನಾನು ಎಂದು. ಆಮೇಲೆ ನನ್ನ ಕಡೆ ತಿರುಗಿದರು, ಒಳ್ಳೆಯ ಮನುಷ್ಯ. ಮೇ ತಿಂಗಳಲ್ಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಆಗ ಸ್ಕ್ಯಾನಿನಲ್ಲಿ ಕಾಣದೆಯೂ ಇರಬಹುದಿತ್ತು, ಕಂಡಿದ್ದರೆ ಸಣ್ಣದಿರುತ್ತಿತ್ತು, ಖಚಿತವಾಗಿ ಹೇಳಲಾರೆ ಎಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರಲ್ಲ, ನನಗೆ ಅಷ್ಟಕ್ಕೇ ಸಮಾಧಾನವಾಯಿತು.

ಬಳಿಕ ನನ್ನಂಥ ಅಂಕಿ ಇರುವ ಹತ್ತು ಜನರಲ್ಲಿ ಎಷ್ಟು ಮಂದಿಗೆ ಮತ್ತೆ ಬರುತ್ತದೆ ಎಂದು ಹೇಳಿದರು. ಸಣ್ಣ ಲೆಕ್ಕವಲ್ಲ ಅದು, ಮಾಂತು ನೆಲ ನೋಡಿದ. ನಾನು ಹೇಳಿದೆ: ಸಾಹೇಬರೇ, ಸಾವಿರ ಪಿನ್ನಿನಲ್ಲಿ ನೂರು ಕೆಟ್ಟಿವೆ ಎಂದು ನಾನೂ ಬರೆಯುತ್ತಿದ್ದೆ. ಅದು ಆ ಸಾವಿರದ ಲೆಕ್ಕ. ಕೈಯಲ್ಲಿ ಹಿಡಿದ ಈ ಒಂದು ಪಿನ್ನು ಹೇಗಿದೆ ಎಂದು ಗೊತ್ತಾಗಬೇಕಾದರೆ ಇದನ್ನೇ ಅಳೆಯಬೇಕು. ಅವರು ಪೆನ್ನು ಕೆಳಗಿಟ್ಟು ನಕ್ಕರು.

ಮನೆಗೆ ಬಂದ ಮೇಲೆ ಮಾಂತುವಿಗೂ ನನಗೂ ದೊಡ್ಡ ಜಗಳವಾಯಿತು. "ಹೇಳಿದ್ದರ ನೀ ಏನ ಮಾಡ್ತಿದ್ದಿ?" ಎಂದ. "ಕುಂತು ಅಳತಿದ್ದೆ, ಆಮೇಲೆ ಎದ್ದು ಆಸ್ಪತ್ರಿಗೆ ಹೋಗತಿದ್ದೆ, ನಿಂಗೇನಾಗ್ತಿತ್ತು?" ಎಂದೆ. "ನಿನ್ನ ಹಡದದ್ದಕ್ಕ ನಾ ಸಾಯಾಕತ್ತಿಲ್ಲ. ಯಾರೋ ಬಾಟ್ಲಿ ತಪಾಸ ಮಾಡಲಿಲ್ಲ, ಅದಕ್ಕ ಸಾಯಾಕತ್ತೀನಿ. ಇನ್ನೊಮ್ಮಿ ತಪಾಸ ತಪ್ಪಸಬ್ಯಾಡ" ಎಂದೆ. ಅವನು ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ನಿಂತು ಗಟ್ಟಿಯಾಗಿ ಅತ್ತ. ಅತ್ತು ಮುಗಿಸಿ ಪಲ್ಯಕ್ಕೆ ಉಪ್ಪಿಲ್ಲ ಎಂದು ಕೂಗಾಡಿದ. ನನ್ನ ಮಗ ನನಗೆ ವಾಪಸ್ ಸಿಕ್ಕ.

ನಿನ್ನ ಮೇಲಿನ ಸಿಟ್ಟು ಇನ್ನೂ ಇದೆ. ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ಆದರೂ ನನ್ನ ರಕ್ತ ಬೇರೆ ಲ್ಯಾಬಿಗೆ ಹೋಗುವುದಿಲ್ಲ, ನಿನ್ನಲ್ಲಿಗೇ ಬರುತ್ತದೆ. ನೀನು ತಪ್ಪಿಸಿಕೊಳ್ಳಬಾರದು. ಇನ್ನು ಮೇಲೆ ರಿಪೋರ್ಟ್ ಮಾಂತುವಿನ ಕೈಗೆ ಬೇಡ. ನೀನೇ ನಿನ್ನ ಕೈಯಿಂದ ಬರೆದು ನನ್ನ ಹೆಸರಿಗೆ ಅಂಚೆಗೆ ಹಾಕು. ಮೊದಲ ಸಾಲಿನಲ್ಲಿ ಅಂಕಿ ಇರಲಿ. ಪ್ರೀತಿಯ, ಗೀತಿಯ ಎಲ್ಲ ಆಮೇಲೆ.

ರುದ್ರವ್ವ
ತಪಾಸಣೆ ೧೭


ಸದಾಶಿವ ಪೇಠ
೧೯ ಫೆಬ್ರುವರಿ ೨೦೦೪

೩೮.೬.

ರುದ್ರೀ, ಎರಡು ಸಲ ಮಾಡಿದೆ. ಎರಡನೆಯದು ೩೮.೪. ಮೊದಲನೆಯದನ್ನೇ ಬರೆದಿದ್ದೇನೆ.

ಅಕ್ಟೋಬರಿನಲ್ಲಿ ೧೪.೨ ಎಂದು, ಡಿಸೆಂಬರಿನಲ್ಲಿ ೭.೮ ಎಂದು ಬರೆಯುವಾಗ ಕೈ ಹಗುರವಾಗಿತ್ತು. ಇವತ್ತು ಈ ಹಾಳೆಯ ಮುಂದೆ ಒಂದು ತಾಸು ಕೂತಿದ್ದೆ. ೮.೬ ಎಂದು ಬರೆದರೆ ಒಂದು ತಿಂಗಳು ನೀನು ನೆಮ್ಮದಿಯಿಂದ ಉಣ್ಣುತ್ತೀಯ ಅನ್ನಿಸಿತು. ಅನ್ನಿಸಿದ್ದನ್ನೂ ನಿನಗೆ ಹೇಳಬೇಕು ಎಂದು ಬರೆಯುತ್ತಿದ್ದೇನೆ. ಏರಿದೆ. ಸ್ಕ್ಯಾನ್ ಬೇಕು. ನನಗೆ ಅಳು ಬರುತ್ತಿದೆ, ಆದರೆ ಅಂಕಿ ಸರಿಯಾಗಿದೆ.

ಪ್ರೀತಿಯ
ಇಂದೂ


ಭೋಸರಿ
೨೩ ಫೆಬ್ರುವರಿ ೨೦೦೪

ಇಂದೂ,

ನಿನ್ನ ಪತ್ರವನ್ನು ನಾನೇ ಪೋಸ್ಟ್‌ಮನ್ ಕೈಯಿಂದ ಇಸಿದುಕೊಂಡೆ, ಬಾಗಿಲಲ್ಲೇ ನಿಂತು ಒಡೆದೆ. ಹೆದರಿಕೆಯಾಯಿತು. ಹೊಸ್ತಿಲ ಮೇಲೆ ಕೂತೆ. ಸಾಬವ್ವ ಗಾಡಿ ಬಿಟ್ಟು ಓಡಿ ಬಂದಳು. "ಈ ಸಲ ಯಾರ ಹೆಸರಲೆ ಬಂದದ?" ಎಂದು ಕೇಳಿದಳು. "ನನ್ನ ಹೆಸರಲೇ ಬಂದದ" ಎಂದೆ. ಆಕೆ ಪಕ್ಕದಲ್ಲಿ ಕೂತಳು.

ಸಂಜೆ ನಾನೇ ಮಾಂತುವಿಗೆ ಓದಿ ಹೇಳಿದೆ. ಗುರುವಾರ ಸ್ಕ್ಯಾನ್. ಮತ್ತೆ ಕೊಯ್ಯುತ್ತಾರೋ, ಕೊಯ್ಯಲಿಕ್ಕೆ ಆಗುವುದಿಲ್ಲ ಎನ್ನುತ್ತಾರೋ, ಅವರು ಹೇಳಲಿ, ನಾನು ಕೇಳುತ್ತೇನೆ. ಕುರ್ಚಿಯನ್ನು ಈ ಸಲ ಮೊದಲೇ ನಡುವೆ ಇಡುತ್ತೇನೆ. ಎಷ್ಟು ದಿನ ಉಳಿದಿದೆ ಎಂದು ಈ ಅಂಕಿ ಹೇಳುತ್ತದೋ ಏನೋ. ಆ ದಿನಗಳಲ್ಲಿ ಒಂದನ್ನೂ ಯಾರೂ ನನ್ನಿಂದ ಬಚ್ಚಿಟ್ಟು ನನ್ನ ಬದಲು ಬದುಕಬಾರದು. ನೀನೂ ಬಾ. ಹತ್ತು ಗಂಟೆಗೆ, ಆಸ್ಪತ್ರೆಯ ದೊಡ್ಡ ಬಾಗಿಲ ಹತ್ತಿರ. ಪೇಢೆ ತರಬೇಡ, ಒಂದು ಡಬ್ಬಿಯಲ್ಲಿ ಅವಲಕ್ಕಿ ತಾ, ಇಬ್ಬರೂ ಬೆಂಚಿನ ಮೇಲೆ ಕೂತು ತಿನ್ನೋಣ.

ನಿನ್ನ ಹಾಳೆಯನ್ನು ವಾಪಸ್ ಕಳಿಸಿದ್ದೇನೆ, ನಿನ್ನ ಫೈಲಿನಲ್ಲಿ ಇಟ್ಟುಕೋ. ಅಂಕಿ ಕೆಟ್ಟದ್ದು. ಅಳತೆ ಸರಿಯಿದೆ. ನಿನ್ನ ಸಹಿಯ ಪಕ್ಕದಲ್ಲಿ ನನ್ನ ಮುದ್ರೆ ಹೊಡೆದಿದ್ದೇನೆ, ನೋಡು.

ನಿನ್ನ
ರುದ್ರಿ
ತಪಾಸಣೆ ೧೭, ಪಾಸ್